ಪೀಜೋವಿದ್ಯುತ್ ಸಂವೇದಕ: ಮರದ ಸಂದಿನೊಳಗಿನ ಹಾನಿಯನ್ನು ಅರಿಯುವ ಬಗೆ

ಕ್ವಾರ್ಟ್ಸ್‌ನಂಥ ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಎದುರುಬದುರು ಮುಖಗಳಲ್ಲಿ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆ. ಇದೇ ಪೀಜೋವಿದ್ಯುತ್ ಪರಿಣಾಮ. ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ವಿದ್ಯುತ್ ಕೊಟ್ಟರೆ ಅದೇ ಹರಳು ಹಿಗ್ಗಿ ಕುಗ್ಗಬೇಕೆಂದು ಗೇಬ್ರಿಯಲ್ ಲಿಪ್‌ಮನ್ 1881ರಲ್ಲಿ ಲೆಕ್ಕ ಹಾಕಿ ಹೇಳಿದರು. ಕ್ಯೂರಿ ಸೋದರರು ಅದನ್ನೂ ದೃಢಪಡಿಸಿದರು. ಹೀಗೆ ಇಂಥ ವಸ್ತುವಿನ ಒಂದೇ ಬಿಲ್ಲೆ ಕಂಪನವನ್ನು ಹುಟ್ಟಿಸಲೂ ಬಲ್ಲದು, ಬಂದ ಕಂಪನವನ್ನು ವಿದ್ಯುತ್ ಸಂಕೇತವಾಗಿಸಲೂ ಬಲ್ಲದು. ಇಂದು ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಸೀಸ, ಜಿರ್ಕೋನಿಯಂ ಮತ್ತು ಟೈಟಾನಿಯಂ ಇರುವ ಪಿಜೆಡ್‌ಟಿ ಎಂಬ ಸಿರಾಮಿಕ್‌ನ ತೆಳುವಾದ ಬಿಲ್ಲೆಗಳನ್ನು. ಮರದಲ್ಲಿರುವ ಸೆಲ್ಯುಲೋಸ್‌ನ ಹರಳುಗಳಿಗೂ ಇದೇ ಗುಣ ಅತ್ಯಲ್ಪವಾಗಿ ಇದೆಯೆಂಬುದನ್ನು ಜಪಾನಿನ ಎಯಿಚಿ ಫುಕಾಡ 1955ರಲ್ಲಿ ಪ್ರಕಟಿಸಿದ್ದರು. ಅದು ಬಹಳ ಕುತೂಹಲದ ಸಂಗತಿಯೇ ಆದರೂ ಕಟ್ಟಡದ ತಪಾಸಣೆಗೆ ನೆಚ್ಚುವಷ್ಟು ಬಲವಾದದ್ದಲ್ಲ. ಆದ್ದರಿಂದ ಬಿಲ್ಲೆಯನ್ನು ಹೊರಗಿನಿಂದಲೇ ಅಂಟಿಸಬೇಕಾಗುತ್ತದೆ.

ಮರದ ಕಟ್ಟಡದಲ್ಲಿ ಮೊದಲು ಸೋಲುವುದು ಬಹುಮಟ್ಟಿಗೆ ತೊಲೆ ಅಥವಾ ಕಂಬದ ನಡುಭಾಗವಲ್ಲ, ಅವೆರಡೂ ಕೂಡುವ ಸಂದು. ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ ಕಂಬದ ಗೂಡಿನೊಳಗೆ ಕೂರಿಸಿ ಬೆಣೆ ಹೊಡೆದಿರುವಲ್ಲಿ, ನಾಲಗೆ ತುಸು ಹೊರಕ್ಕೆ ಜಾರುವುದು, ಒತ್ತಡಕ್ಕೆ ಅದರ ಎಳೆಗಳು ನುಜ್ಜಾಗುವುದು, ಗೂಡಿನ ಗೋಡೆ ಸೀಳುವುದು, ತೇವ ನಿಂತು ಕೊಳೆಯುವುದು, ಗೆದ್ದಲು ಹೊಕ್ಕುವುದು, ಇವೆಲ್ಲವೂ ಕಣ್ಣಿಗೆ ಬೀಳದ ಜಾಗದಲ್ಲಿ ನಡೆಯುತ್ತವೆ. ಚೀನಾದ ಯಿಂಗ್‌ಶಿಯಾನ್‌ನಲ್ಲಿ 1056ರಲ್ಲಿ ಕಟ್ಟಿದ, ಸುಮಾರು 67 ಮೀಟರ್ ಎತ್ತರದ ಮರದ ಪಗೋಡ ಇಂಥ ಸಂದುಗಳ ಮೇಲೆಯೇ ನಿಂತಿದೆ; ಅದರ ಎರಡನೆಯ ಅಂತಸ್ತಿನ ಕಂಬಗಳು ಈಗ ವಾಲಿವೆ. ಅಂಥ ಕಟ್ಟಡದ ಸಂದನ್ನು ಬಿಚ್ಚಿ ನೋಡುವುದೆಂದರೆ ಅದಕ್ಕೆ ಇನ್ನಷ್ಟು ಹಾನಿ ಮಾಡಿದಂತೆ. ಬಿಚ್ಚದೆಯೇ ಒಳಗನ್ನು ತಿಳಿಯುವ ದಾರಿ ಬೇಕಾಗಿರುವುದು ಇದಕ್ಕಾಗಿ.

ಒಂದು ದಾರಿ ಅಲೆಯನ್ನು ದಾಟಿಸಿ ನೋಡುವುದು. ಕಂಬಕ್ಕೆ ಒಂದು ಬಿಲ್ಲೆಯನ್ನೂ ತೊಲೆಗೆ ಮತ್ತೊಂದನ್ನೂ ಅಂಟಿಸಿ, ಮೊದಲನೆಯದಕ್ಕೆ ಆವರ್ತನ ಏರುತ್ತ ಹೋಗುವ ವಿದ್ಯುತ್ ಸಂಕೇತವನ್ನು ಕೊಟ್ಟರೆ, ಅಲ್ಲಿ ಹುಟ್ಟಿದ ಅಲೆ ಸಂದನ್ನು ದಾಟಿ ಎರಡನೆಯದನ್ನು ತಲುಪುತ್ತದೆ. ಬರಿಗಣ್ಣಿಗೆ ಪೂರ್ತಿ ಕೂಡಿಕೊಂಡಂತೆ ಕಾಣುವ ಎರಡು ಮೇಲ್ಮೈಗಳು ನಿಜವಾಗಿ ತಾಗುವುದು ಅಲ್ಲಲ್ಲಿನ ಉಬ್ಬುಗಳಲ್ಲಿ ಮಾತ್ರ. ಬಿಗಿ ಹೆಚ್ಚಿದಷ್ಟೂ ತಾಗುವ ನೆಲೆಗಳು ಹೆಚ್ಚಿ, ದಾಟುವ ಶಕ್ತಿಯೂ ಹೆಚ್ಚುತ್ತದೆ. ನಾಲಗೆ ಸಡಿಲವಾದರೆ ಅಥವಾ ನಡುವೆ ಬಿರುಕು ಬಿಟ್ಟರೆ ತಲುಪುವ ಶಕ್ತಿ ಇಳಿಯುತ್ತದೆ. ಬಂದ ಸಂಕೇತವನ್ನು ವೇವ್‌ಲೆಟ್ ಗಣಿತದಿಂದ ಬೇರೆಬೇರೆ ಆವರ್ತನ ಪಟ್ಟಿಗಳಾಗಿ ಒಡೆದು, ಒಂದೊಂದರ ಶಕ್ತಿಯನ್ನು ಸಂದು ಆರೋಗ್ಯವಾಗಿದ್ದಾಗಿನ ಅಳತೆಯೊಂದಿಗೆ ಹೋಲಿಸಿದಾಗ ಹಾನಿಯ ಸೂಚ್ಯಂಕ ದೊರೆಯುತ್ತದೆ.

ಇನ್ನೊಂದು ದಾರಿಗೆ ಒಂದೇ ಬಿಲ್ಲೆ ಸಾಕು. ಬಿಲ್ಲೆಯ ವಿದ್ಯುತ್ ಇಂಪೀಡೆನ್ಸ್, ಅಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಅದು ಅಂಟಿಕೊಂಡಿರುವ ಮರದ ಬಿಗುವನ್ನೂ (ಸುಲಭಕ್ಕೆ ಬಾಗದ ಗುಣ) ಅವಮಂದನವನ್ನೂ (ಕಂಪನವನ್ನು ಹೀರಿ ತಗ್ಗಿಸುವ ಗುಣ) ಅವಲಂಬಿಸಿರುವುದರಿಂದ, ಸಾಮಾನ್ಯವಾಗಿ 30 ಕಿಲೋಹರ್ಟ್ಸ್‌ಗಿಂತ ಮೇಲಿನ ಆವರ್ತನಗಳಲ್ಲಿ ಅದನ್ನು ಅಳೆದು ನಕ್ಷೆ ಬರೆದಾಗ, ಸಮೀಪದಲ್ಲೇ ಹಾನಿಯಾಗಿದ್ದರೆ ನಕ್ಷೆಯ ಶಿಖರಗಳು ಜರುಗುತ್ತವೆ, ಇಲ್ಲವೇ ತಗ್ಗುತ್ತವೆ. ಇಷ್ಟು ಹೆಚ್ಚಿನ ಆವರ್ತನದಲ್ಲಿ ಅಲೆಯ ಉದ್ದ ಕಿರಿದಾದ್ದರಿಂದ ಕಿರಿದಾದ ಬಿರುಕೂ ಗೊತ್ತಾಗುತ್ತದೆ. ಆದರೆ ಮರ ಕಂಪನವನ್ನು ಬೇಗ ಹೀರಿಬಿಡುವುದರಿಂದ ಲೋಹದಲ್ಲಿ ಸಿಗುವಷ್ಟು ವ್ಯಾಪ್ತಿ ಇಲ್ಲಿ ಸಿಗದು. ಎಳೆಯ ಉದ್ದಕ್ಕೆ ಅಲೆ ಓಡುವ ವೇಗ ಅಡ್ಡಕ್ಕೆ ಓಡುವುದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಬಿಲ್ಲೆಯನ್ನು ಎಲ್ಲಿ, ಯಾವ ಮುಖಕ್ಕೆ ಅಂಟಿಸಬೇಕೆಂಬುದನ್ನು ಎಳೆ ನೋಡಿಯೇ ತೀರ್ಮಾನಿಸಬೇಕು.

ಈ ಎರಡೂ ವಿಧಾನಗಳು ಹೇಳುವುದು ಹಾನಿಯನ್ನಲ್ಲ, ಬದಲಾವಣೆಯನ್ನು, ಎಂಬುದನ್ನು ಒತ್ತಿ ಹೇಳಬೇಕು. ಸಂದು ಆರೋಗ್ಯವಾಗಿದ್ದಾಗ ತೆಗೆದ ಅಳತೆ ಇಲ್ಲದಿದ್ದರೆ ಇಂದಿನ ಅಳತೆಗೆ ಅರ್ಥವೇ ಇರುವುದಿಲ್ಲ. ತೇವಾಂಶ ಸುಮಾರು 30 ಶೇಕಡ ಮುಟ್ಟುವವರೆಗೆ ಅದರ ಏರಿಳಿತಕ್ಕೆ ಮರ ಉಬ್ಬಿ ಕುಗ್ಗುತ್ತದೆ, ಅದರ ಬಿಗುವೂ ಬದಲಾಗುತ್ತದೆ. ಮಲೆನಾಡಿನ ಹಳೆಯ ತೊಟ್ಟಿಮನೆಯ ಸಂದು ಮಳೆಗಾಲದಲ್ಲಿ ತಾನಾಗಿ ಬಿಗಿಯುತ್ತದೆ, ಬೇಸಗೆಯಲ್ಲಿ ಸಡಿಲಗೊಳ್ಳುತ್ತದೆ. ಆಷಾಢದ ಅಳತೆಯನ್ನು ಚೈತ್ರದ ಅಳತೆಯೊಂದಿಗೆ ನೇರವಾಗಿ ಹೋಲಿಸಿದವರಿಗೆ ಇಲ್ಲದ ಹಾನಿ ಕಂಡೀತು, ಇನ್ನೂ ಕೆಟ್ಟದೆಂದರೆ, ಇರುವ ಹಾನಿ ಮರೆಯಾದೀತು. ಬಿಲ್ಲೆಯ ಗುಣವೂ ಉಷ್ಣತೆಯೊಂದಿಗೆ ಬದಲಾಗುತ್ತದೆ. ಅಂಟು ಹಳತಾದರೆ ಸಂಕೇತ ಇಳಿಯುತ್ತದೆ. ಹಾಗಾಗಿ ಪ್ರತಿ ಅಳತೆಯ ಜೊತೆಗೆ ಮರದ ತೇವಾಂಶವನ್ನೂ ಉಷ್ಣತೆಯನ್ನೂ ಬರೆದಿಟ್ಟು, ಕನಿಷ್ಠ ಒಂದು ವರ್ಷದ ಋತುಚಕ್ರ ಮುಗಿಯುವವರೆಗೆ ಸಂದಿನ ಸಹಜ ಏರಿಳಿತವನ್ನು ಗುರುತಿಸಿ, ಅದರ ಎಲ್ಲೆ ಮೀರಿದ್ದನ್ನಷ್ಟೇ ಅನುಮಾನದಿಂದ ನೋಡುವುದು ಸರಿಯಾದ ಕ್ರಮ. ಹಾಗೆ ಅನುಮಾನ ಬಂದ ಸಂದನ್ನು ಅನುಭವಿ ಬಡಗಿಯೊಬ್ಬರು ತಟ್ಟಿ, ಸೂಜಿ ಚುಚ್ಚಿ ಪರೀಕ್ಷಿಸಬೇಕು, ಏಕೆಂದರೆ ಸೂಚ್ಯಂಕ ಏರಿದ್ದು ಕೊಳೆತದಿಂದಲೋ ಬೆಣೆ ಜಾರಿದ್ದರಿಂದಲೋ ಎಂಬುದನ್ನು ಬಿಲ್ಲೆಯೊಂದೇ ಬಿಡಿಸಿ ಹೇಳಲಾರದು.