ಮೇಲಿಂದ ಶುರು ಮಾಡ್ಲಾ ಮಾಮ?

ಖರೀದಿದಾರ ಮೆಕ್ಕೆಜೋಳದ ರಾಶಿ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಹಿಡಿ ಎತ್ತಿದ, ಒಂದು ಕಾಳು ಕಚ್ಚಿದ. 'ಹಸಿ ಐತಿ ಗೌಡ್ರೇ.' ಮೀಟರಿಗೆ ಹಾಕಿದರೆ ತೇವ ಶೇ. 17. ಬೆಂಬಲ ಬೆಲೆಗೆ 14 ದಾಟುವಂತಿಲ್ಲ. ಕಾಳು ದಪ್ಪ ಇತ್ತು, ಬಣ್ಣ ಚೆನ್ನಾಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ದಾವಣಗೆರೆ ಮಾರುಕಟ್ಟೆಯಲ್ಲಿ ನನ್ನ ಜೊತೆ ಇದ್ದವನು ಅಕ್ಕನ ಮಗ. ಎಕನಾಮಿಕ್ಸ್ ಎಂಎ ಮುಗಿಸಿದ್ದಾನೆ, ಮೆಕ್ಕೆಜೋಳದ ಧಾರಣೆ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತಾನೆ. ಗೈಡ್ ಹುಡುಕೋಕೆ ಮೊಬೈಲಲ್ಲಿ ಒಂದು ಪಟ್ಟಿ ತೆಗೆದಿದ್ದ: ಭಾರತದ ಅರ್ಥಶಾಸ್ತ್ರ ಸಂಶೋಧಕರು ಮತ್ತು ಸಂಸ್ಥೆಗಳು, ರ್‍ಯಾಂಕ್ ಪ್ರಕಾರ. 'ಮೇಲಿಂದ ಶುರು ಮಾಡ್ಲಾ ಮಾಮ?'

ಆ ಪಟ್ಟಿ ರೆಪೆಕ್‌ನದು. 1997ರಲ್ಲಿ ಶುರುವಾದ, ಸ್ವಯಂಸೇವಕರು ನಡೆಸುವ ಅರ್ಥಶಾಸ್ತ್ರ ಲೇಖನಗಳ ಸೂಚಿ. ಅಲ್ಲಿ ಹೆಸರು ನೋಂದಾಯಿಸಿ 'ಇವು ನನ್ನ ಲೇಖನ' ಅಂತ ಹೇಳಿಕೊಂಡವರು ಮಾತ್ರ ಲೆಕ್ಕಕ್ಕೆ ಬರ್ತಾರೆ. ಸಂಸ್ಥೆಯ ರ್‍ಯಾಂಕ್ ಕೂಡ ಅಂಥವರಿಂದಲೇ. ಹೆಸರು ಕೊಡೋಕೆ ಸೋಮಾರಿತನ ಮಾಡಿದ ಮೇಷ್ಟ್ರು ತಮ್ಮ ಜೊತೆ ತಮ್ಮ ವಿಭಾಗವನ್ನೂ ಕೆಳಗೆ ತಳ್ತಾರೆ.

ಅಳತೆ ಬದಲಾದರೆ ಸಾಲೂ ಬದಲಾಗುತ್ತೆ. ಒಬ್ಬರ ಐದು ಲೇಖನಗಳನ್ನು ಬೇರೆಯವರು 50, 8, 5, 2, 1 ಸಲ ಉಲ್ಲೇಖಿಸಿದ್ದಾರೆ ಅಂತ ಇಟ್ಟುಕೊಳ್ಳಿ. ಒಟ್ಟು 66. ಇನ್ನೊಬ್ಬರದು 7, 6, 5, 5, 4. ಒಟ್ಟು ಬರೀ 27. ಮೊದಲಿನವರೇ ಮುಂದೆ, ಅಲ್ವಾ? ಈಗ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಕೊಟ್ಟ ಎಚ್-ಸೂಚ್ಯಂಕ ಹಾಕಿ ನೋಡೋಣ. ಕನಿಷ್ಠ ನಾಲ್ಕು ಸಲವಾದರೂ ಉಲ್ಲೇಖವಾದ ನಾಲ್ಕು ಲೇಖನ ಇದ್ದರೆ ಎಚ್ 4. ಮೊದಲಿನವರಿಗೆ 3 ಸಿಗುತ್ತೆ, ಎರಡನೆಯವರಿಗೆ 4. ಸಾಲು ತಿರುಗಿತು. ಯಾರೂ ಒಂದಕ್ಷರ ಹೊಸದಾಗಿ ಬರೆದಿಲ್ಲ!

ಹಾಗಾಗಿ ರೆಪೆಕ್ ಹತ್ತಾರು ಅಳತೆ ಇಟ್ಟಿದೆ. ಒಬ್ಬರ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ಥಾನ ಬಿಟ್ಟು, ಉಳಿದವುಗಳ ಹಾರ್ಮೋನಿಕ್ ಸರಾಸರಿ ತೆಗೆಯುತ್ತೆ. ಇದೊಂದು ತಮಾಷೆಯ ಸರಾಸರಿ. 1 ಮತ್ತು 100ನೇ ಸ್ಥಾನದ ಮಾಮೂಲಿ ಸರಾಸರಿ 50.5, ಹಾರ್ಮೋನಿಕ್ ಸರಾಸರಿ 2ಕ್ಕೂ ಸ್ವಲ್ಪ ಕಡಿಮೆ. ಎಲ್ಲದರಲ್ಲೂ 40ನೇ ಸ್ಥಾನದಲ್ಲಿರುವ ಸಮಾಧಾನಿಗಿಂತ ಕೆಲವೇ ಅಳತೆಗಳಲ್ಲಿ ಮಿಂಚಿದವರಿಗೇ ಲಾಭ ಜಾಸ್ತಿ.

ಪ್ರದೇಶ ಚಿಕ್ಕದಾದಷ್ಟೂ ಪಟ್ಟಿ ಅಲುಗಾಡುತ್ತೆ. ಹತ್ತು ಜನರ ವಿಭಾಗದಿಂದ ಹೆಚ್ಚು ಓದಿಸಿಕೊಳ್ಳುವ ಒಬ್ಬರು ಬೇರೆ ಊರಿಗೆ ಹೋದರೆ ಸಂಸ್ಥೆ ದಬಕ್ಕನೆ ಬೀಳಬಹುದು. ಎರಡು ಕಡೆ ಕೆಲಸ ಮಾಡುವವರ ಅಂಕವನ್ನು ಹಂಚಿ ಹಾಕಬೇಕಾಗುತ್ತೆ. ವಯಸ್ಸಿನ ಲೆಕ್ಕವೂ ಇದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬೆಂಗಳೂರಲ್ಲಿ ಐಸೆಕ್ ಅನ್ನೋ ಸಾಮಾಜಿಕ-ಆರ್ಥಿಕ ಸಂಶೋಧನಾ ಸಂಸ್ಥೆ ಕಟ್ಟಿದ್ದು 1972ರಲ್ಲಿ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ಉಲ್ಲೇಖಗಳು ವರ್ಷ ಕಳೆದಂತೆ ಕೂಡುತ್ತಾ ಹೋಗುತ್ತವೆ. ಒಟ್ಟು ಎಣಿಕೆಯಲ್ಲಿ ಇವೆರಡನ್ನು ಪಕ್ಕಪಕ್ಕ ನಿಲ್ಲಿಸೋದು ಹುಣಸೆ ಮರದ ಎದುರು ಸಸಿ ನಿಲ್ಲಿಸಿದ ಹಾಗೆ. ಕಳೆದ ಹತ್ತು ವರ್ಷದ ಲೇಖನಗಳಿಗೇ ಬೇರೆ ಪಟ್ಟಿ ಇರೋದು ಇದಕ್ಕೇ.

ನನಗೆ ಇರಿಸುಮುರಿಸಾಗೋದು ಇನ್ನೊಂದು ಕಡೆ. ಹಳ್ಳಿ ಸುತ್ತಿ, ರೈತರ ಸಾಲದ ಲೆಕ್ಕ ತೆಗೆದು, ಕನ್ನಡದಲ್ಲಿ ವರದಿ ಬರೆದವರು ಇರ್ತಾರೆ. ವರದಿ ಸೂಚಿಗೆ ಸೇರದಿದ್ದರೆ ಅವರಿಗೆ ಸಿಗೋದು ಸೊನ್ನೆ. ಜಗಳೂರಿನ ರೈತ ಅದನ್ನು ಓದಿ ಬಿತ್ತನೆ ಬದಲಿಸಿದರೂ ಅದು ಉಲ್ಲೇಖ ಅನ್ನಿಸಿಕೊಳ್ಳಲ್ಲ.

'ಪಟ್ಟಿ ಸುಳ್ಳಾ ಹಾಗಾದ್ರೆ?' ಅಂದ ಹುಡುಗ. ಸುಳ್ಳಲ್ಲ ಕಣೋ, ಆ ಮೀಟರ್ ಸುಳ್ಳಾ? ತೇವ 17 ಇದ್ದಿದ್ದು ನಿಜ ತಾನೇ.

ಅಷ್ಟರಲ್ಲಿ ಗೌಡ್ರು ಚೀಲ ತುಂಬಿಸ್ತಿದ್ದರು. ಎರಡು ದಿನ ಬಿಸಿಲಿಗೆ ಹರವಿ ಮತ್ತೆ ತರ್ತಾರಂತೆ. ಇವನು ಮೊಬೈಲ್ ಜೇಬಿಗೆ ಹಾಕಿ ಅವರ ಹತ್ತಿರ ಹೋದ. ಹೋದ ವರ್ಷ ಇದೇ ಹೊತ್ತಿಗೆ ಧಾರಣೆ ಎಷ್ಟಿತ್ತು, ಬಾಡಿಗೆ ಟ್ರ್ಯಾಕ್ಟರಿಗೆ ಎಷ್ಟು ಕೊಟ್ರಿ ಅಂತ ಕೇಳ್ತಾ ನಿಂತ.