ಎಂಜಿನ್ ಆಯ್ಕೆ ಮಾಡುವ ಮೊದಲು ನಿಮ್ಮ ದಾರಿಯನ್ನು ಬರೆದುಕೊಳ್ಳಿ

ಕಳೆದ ತಿಂಗಳು ಗ್ಯಾರೇಜಿಗೆ ಬಂದ ಡೀಸೆಲ್ ಸೆಡಾನ್ ಒಂದರ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದೆ. ಆಯಿಲ್ ಮೇಲಿನ ಗುರುತನ್ನೂ ದಾಟಿ ಬೆರಳಗಲ ಏರಿತ್ತು. ಪಕ್ಕದಲ್ಲೇ ನಿಂತಿದ್ದ ಮಾಲೀಕರು, "ಕಡಿಮೆಯಾಗಿಲ್ಲವಲ್ಲ ಸರ್, ಹೆಚ್ಚೇ ಇದೆ. ಮತ್ತೇಕೆ ಎಚ್ಚರಿಕೆಯ ದೀಪ ಉರಿಯುತ್ತಿದೆ?" ಎಂದು ಕೇಳಿದರು. ಕಡ್ಡಿಯ ತುದಿಯನ್ನು ಅವರ ಮೂಗಿನ ಬಳಿ ಹಿಡಿದೆ. ಡೀಸೆಲ್ ವಾಸನೆ. ಎರಡು ಬೆರಳುಗಳ ನಡುವೆ ಉಜ್ಜಿದರೆ ಆಯಿಲ್‌ಗೆ ಇರಬೇಕಾದ ಜಿಗುಟೇ ಇರಲಿಲ್ಲ.

ಕಾರಿನಲ್ಲಿ ದೋಷವಿರಲಿಲ್ಲ. ಅವರ ಮನೆಯಿಂದ ಕಚೇರಿಗೆ ನಾಲ್ಕೇ ಕಿಲೋಮೀಟರ್. ಮೈಲೇಜ್ ಹೆಚ್ಚು ಎಂಬ ಒಂದೇ ಕಾರಣಕ್ಕೆ ಡೀಸೆಲ್ ಕೊಂಡಿದ್ದರು. ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಅದು ತುಂಬುತ್ತಾ ಬಂದಂತೆ ಎಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಈ ಕೆಲಸ ಮುಗಿಯಲು ಕಾಲು ಗಂಟೆಯಾದರೂ ಎಡೆಬಿಡದ ಓಟ ಬೇಕು. ನಾಲ್ಕು ಕಿಲೋಮೀಟರ್ ಓಡಿ ಎಂಜಿನ್ ಆರಿಸಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯಲಾರದು. ಅದೇ ಕಾರು ದಿನಕ್ಕೆ ಎಂಬತ್ತು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿದ್ದರೆ ವರ್ಷಗಟ್ಟಲೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಹೊಸ ಸೆಡಾನ್ ಕೊಳ್ಳಲು ಸಲಹೆ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಎರಡು ವಾರ ನಿಮ್ಮ ಓಡಾಟವನ್ನು ಬರೆದಿಡಿ. ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಜನ, ಏರು ಎಷ್ಟು, ಸಿಗ್ನಲ್‌ನಲ್ಲಿ ನಿಂತದ್ದು ಎಷ್ಟು. ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೇ ಷೋರೂಮಿಗೆ ಹೋಗಿ. ಅಲ್ಲಿ ಬಣ್ಣದಿಂದ, ಪರದೆಯಿಂದ, ಸನ್‌ರೂಫ್‌ನಿಂದ ಮಾತು ಶುರುವಾಗುತ್ತದೆ. ನೀವು ಮಾತ್ರ ಕೊಂಡ ಮೇಲೆ ಬದಲಿಸಲಾಗದ ಸಂಗತಿಗಳಿಂದ ಶುರು ಮಾಡಿ.

ಪೆಟ್ರೋಲ್ ಎಂದು ನಿರ್ಧರಿಸಿದರೂ ಆಯ್ಕೆ ಮುಗಿಯುವುದಿಲ್ಲ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಚಿಕ್ಕ ಎಂಜಿನ್, ಟರ್ಬೊ ಇಲ್ಲದ ದೊಡ್ಡ ಎಂಜಿನ್ ಎರಡೂ ಕೈಪತ್ರಿಕೆಯಲ್ಲಿ ಒಂದೇ ಗರಿಷ್ಠ ಶಕ್ತಿಯನ್ನು ತೋರಿಸಬಹುದು. ಆದರೆ ಗರಿಷ್ಠ ಶಕ್ತಿ ಹೊಮ್ಮುವುದು ನಿಮಿಷಕ್ಕೆ ಐದಾರು ಸಾವಿರ ಸುತ್ತಿನಲ್ಲಿ, ದಿನನಿತ್ಯದ ಓಟದಲ್ಲಿ ಎಂಜಿನ್ ಅಷ್ಟು ಸುತ್ತುವುದು ಅಪರೂಪ. ನೋಡಬೇಕಾದದ್ದು ಕಡಿಮೆ ಸುತ್ತಿನಲ್ಲಿ ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ ಎಂಬುದನ್ನು. ಒಂದು ಲೆಕ್ಕ ಹಾಕೋಣ. ನಿಮಿಷಕ್ಕೆ 1,800 ಸುತ್ತಿನಲ್ಲಿ ಟರ್ಬೊ ಎಂಜಿನ್ 250 ನ್ಯೂಟನ್ ಮೀಟರ್ ಕೊಟ್ಟರೆ ಆ ಕ್ಷಣದ ಶಕ್ತಿ ಸುಮಾರು 47 ಕಿಲೋವ್ಯಾಟ್. ಅದೇ ಸುತ್ತಿನಲ್ಲಿ ಇನ್ನೊಂದು 140 ನ್ಯೂಟನ್ ಮೀಟರ್ ಕೊಟ್ಟರೆ ಬರೀ 26 ಕಿಲೋವ್ಯಾಟ್. ತುಂಬಿದ ಕಾರಿನಲ್ಲಿ ಏರು ಹತ್ತುವಾಗ, ಲಾರಿಯನ್ನು ಹಿಂದಿಕ್ಕುವಾಗ ಒಂದು ಸಲೀಸಾಗಿ ಎಳೆದರೆ ಮತ್ತೊಂದಕ್ಕೆ ಗೇರ್ ಇಳಿಸಲೇಬೇಕಾಗುವುದು ಈ ಕಾರಣಕ್ಕೆ.

ಹಾಗೆಂದು ಟರ್ಬೊ ಎಲ್ಲರಿಗೂ ಸರಿ ಎಂದು ನಾನು ಹೇಳುವುದಿಲ್ಲ. ಅದರ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಅದನ್ನು ಉಳಿಸುವುದು ತೆಳುವಾದ ಆಯಿಲ್ ಪದರ ಮಾತ್ರ. ಆಯಿಲ್ ಬದಲಿಸುವುದನ್ನು ಮುಂದೂಡುವ ಅಭ್ಯಾಸವಿರುವವರು ಟರ್ಬೊ ಕೊಳ್ಳಬಾರದು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇನ್ನೊಂದು ತೊಂದರೆಯಿದೆ: ಗಾಳಿ ಒಳಬರುವ ವಾಲ್ವಿನ ಹಿಂಬದಿಯನ್ನು ಪೆಟ್ರೋಲ್ ತೊಳೆಯುವುದೇ ಇಲ್ಲವಾದ್ದರಿಂದ ಅಲ್ಲಿ ಇಂಗಾಲದ ಹೆಕ್ಕಳೆ ಕಟ್ಟುತ್ತದೆ. ನಿಧಾನವಾಗಿ ಓಡಿಸುವವರಿಗೆ, ಹತ್ತು ಹನ್ನೆರಡು ವರ್ಷ ಒಂದೇ ಕಾರನ್ನು ಇಟ್ಟುಕೊಳ್ಳುವವರಿಗೆ ಟರ್ಬೊ ಇಲ್ಲದ ಸರಳ ಎಂಜಿನ್ನನ್ನು ನಾನು ಈಗಲೂ ಮನಸಾರೆ ಶಿಫಾರಸು ಮಾಡುತ್ತೇನೆ. ದಿನವೂ ವಾಹನದಟ್ಟಣೆಯಲ್ಲೇ ಕಳೆಯುವವರು ಹೈಬ್ರಿಡ್, ಅಂದರೆ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರು ನೋಡಲಿ. 1997ರಲ್ಲಿ ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ಬಂದಾಗಿನಿಂದಲೂ ಅದರ ತತ್ತ್ವ ಒಂದೇ: ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ತುಂಬಿಸಿ, ಮತ್ತೆ ಹೊರಡುವಾಗ ಬಳಸುವುದು. ಬ್ರೇಕ್ ಹೆಚ್ಚು ಒತ್ತುವ ದಾರಿಯಲ್ಲೇ ಅದರ ಲಾಭವೂ ಹೆಚ್ಚು. ಒಂದೇ ವೇಗದಲ್ಲಿ ಸಾಗುವ ಹೆದ್ದಾರಿಯಲ್ಲಿ ಆ ಲಾಭ ಕರಗುತ್ತದೆ.

ಎಂಜಿನ್ ಬಗ್ಗೆ ಇಷ್ಟು ಯೋಚಿಸುವವರು ಗೇರ್‌ಬಾಕ್ಸನ್ನು "ಆಟೊಮ್ಯಾಟಿಕ್ ಇದ್ದರೆ ಸಾಕು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಎರಡೂ ಹೊಂದದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ. ಎರಡು ಕ್ಲಚ್‌ಗಳ ಆಟೊಮ್ಯಾಟಿಕ್‌ನಲ್ಲಿ ಮುಂದಿನ ಗೇರ್ ಮೊದಲೇ ಸಿದ್ಧವಾಗಿ ಕುಳಿತಿರುತ್ತದೆ, ಬದಲಾವಣೆ ಕಣ್ಣು ಮಿಟುಕಿಸುವಷ್ಟು ಬೇಗ. ತೆರೆದ ರಸ್ತೆಯಲ್ಲಿ ಅದು ಸೊಗಸು. ಆದರೆ ಅದರ ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗಿರದ ಒಣ ಬಗೆಯವಾದರೆ, ಆಮೆಯಂತೆ ತೆವಳುವ ಸಂಚಾರದಲ್ಲಿ ಅವು ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯೇರುತ್ತವೆ. ಸುಟ್ಟ ಕ್ಲಚ್‌ನ ಕಟು ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಟಾರ್ಕ್ ಕನ್ವರ್ಟರ್ ಇರುವ ಹಳೆಯ ಪದ್ಧತಿಯಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ದ್ರವವೇ ಶಕ್ತಿಯನ್ನು ದಾಟಿಸುವುದರಿಂದ ತೆವಳುವುದು ಅದಕ್ಕೆ ಕಷ್ಟವಲ್ಲ. ಸಿವಿಟಿ ಎಂಬ ಮತ್ತೊಂದು ಬಗೆಯ ಆಟೊಮ್ಯಾಟಿಕ್‌ನಲ್ಲಿ ಗೇರುಗಳ ಬದಲು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ನಯವಾದದ್ದು, ಪೂರ್ತಿ ಒತ್ತಿದಾಗ ಮಾತ್ರ ಎಂಜಿನ್ ಅರಚುತ್ತದೆ. ಟೆಸ್ಟ್ ಡ್ರೈವಿನಲ್ಲಿ ವೇಗವಾಗಿ ಓಡಿಸಿ ಖುಷಿಪಡುವ ಬದಲು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಬ್ರೇಕಿನಿಂದ ಕಾಲು ತೆಗೆದು ಹತ್ತು ನಿಮಿಷ ತೆವಳಿಸಿ. ಗುದ್ದು, ಜಗ್ಗಾಟ ಇದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

ಯಾವ ಚಕ್ರಗಳಿಗೆ ಶಕ್ತಿ ಹೋಗಬೇಕು ಎಂಬ ಪ್ರಶ್ನೆಯನ್ನು ನಾನು ಬೇಗ ಮುಗಿಸುತ್ತೇನೆ. 1959ರಲ್ಲಿ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳಿಗೆ ಜೋಡಿಸಿ, ಕೂರುವವರಿಗೆ ಜಾಗ ಬಿಡಿಸಿಕೊಟ್ಟರು. ಇಂದಿನ ಬಹುಪಾಲು ಸೆಡಾನ್‌ಗಳು ಆ ದಾರಿಯಲ್ಲೇ ನಡೆದಿವೆ, ಹೆಚ್ಚಿನವರಿಗೆ ಅದು ಸಾಕು. ಹಿಂದಿನ ಚಕ್ರಗಳ ಚಾಲನೆಯಲ್ಲಿ ಸ್ಟೀರಿಂಗ್ ಹೆಚ್ಚು ಹಗುರ, ಹೆಚ್ಚು ಸ್ವಚ್ಛ. ಓಡಿಸುವುದನ್ನೇ ಪ್ರೀತಿಸುವವರು ಅದಕ್ಕೆ ಮನಸೋಲುವುದು ಸಹಜ. ನಾಲ್ಕೂ ಚಕ್ರಗಳ ಚಾಲನೆ ಹಿಮ, ಕೆಸರು, ಜಾರುವ ಕಡಿದಾದ ಏರಿನಲ್ಲಿ ನಿಜವಾಗಿಯೂ ಆಸರೆ. ಆದರೆ ಅದು ಹೊರಡಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇದೆ, ರಸ್ತೆಯನ್ನು ಹಿಡಿಯುವುದು ಟೈರ್. ಜೊತೆಗೆ ತೂಕ ಏರುತ್ತದೆ, ಮೈಲೇಜ್ ಇಳಿಯುತ್ತದೆ. ಒಂದು ಟೈರ್ ಹಾಳಾದರೆ ಉಳಿದವುಗಳಷ್ಟೇ ಸವೆದದ್ದನ್ನು ಹುಡುಕಬೇಕು ಅಥವಾ ನಾಲ್ಕನ್ನೂ ಬದಲಿಸಬೇಕು. ನಿಮ್ಮ ಹಾಳೆಯಲ್ಲಿ ಅಂಥ ದಾರಿ ಇಲ್ಲದಿದ್ದರೆ ಆ ಹಣ ಒಳ್ಳೆಯ ಟೈರುಗಳಿಗೆ ಹೋಗಲಿ.

ಇನ್ನು ವೇರಿಯಂಟ್, ಅಂದರೆ ಒಂದೇ ಕಾರಿನಲ್ಲಿ ಸಲಕರಣೆಗಳಿಗೆ ತಕ್ಕಂತೆ ಇರುವ ಹಂತ. ಪರದೆ, ಸ್ಪೀಕರ್, ಹಿಂಬದಿ ಕ್ಯಾಮೆರಾ, ಸೀಟಿನ ಹೊದಿಕೆ ಇವನ್ನೆಲ್ಲ ನಾಳೆಯೂ ಹಾಕಿಸಬಹುದು. ಏರ್‌ಬ್ಯಾಗ್, ಸ್ಥಿರತೆ ಕಾಯುವ ಇಎಸ್‌ಸಿ, ತಾನಾಗಿ ಬೀಳುವ ತುರ್ತು ಬ್ರೇಕ್, ಎತ್ತರ ಹೊಂದಿಸುವ ಸೀಟು, ಮುಂದಕ್ಕೂ ಹಿಂದಕ್ಕೂ ಸರಿಯುವ ಸ್ಟೀರಿಂಗ್ ನಾಳೆ ಬರುವುದಿಲ್ಲ. ಇಎಸ್‌ಸಿ 1995ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರಿನಲ್ಲಿ ಮೊದಲು ಬಂತು. ಸ್ಟೀರಿಂಗ್ ತಿರುಗಿದ ಕಡೆಗೆ ಕಾರು ತಿರುಗದೆ ಜಾರತೊಡಗಿದರೆ, ಯಾವ ಚಕ್ರಕ್ಕೆ ಬೇಕೋ ಅದೊಂದಕ್ಕೇ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಮನುಷ್ಯನ ಕಾಲಿಗೆ ಇದು ಸಾಧ್ಯವಿಲ್ಲ. ಇದಿಲ್ಲದ ಕಾರನ್ನು ನನ್ನ ಮನೆಯವರಿಗೆ ನಾನು ಕೊಡಿಸಲಾರೆ, ನಿಮಗೂ ಬೇಡ ಎನ್ನುತ್ತೇನೆ.

ಮೇಲಿನ ವೇರಿಯಂಟಿಗೆ ಹೋದಂತೆ ಚಕ್ರ ದೊಡ್ಡದಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಓದಿ. 205/55 ಆರ್16 ಎಂದರೆ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 55, ಅಂದರೆ ಸುಮಾರು 113 ಮಿಲಿಮೀಟರ್, ರಿಮ್‌ನ ವ್ಯಾಸ 16 ಇಂಚು. 225/40 ಆರ್18 ಆದರೆ ಗೋಡೆ 90 ಮಿಲಿಮೀಟರಿಗೆ ಇಳಿಯುತ್ತದೆ. ಒಟ್ಟು ಚಕ್ರದ ಎತ್ತರ ಹೆಚ್ಚುಕಡಿಮೆ ಅಷ್ಟೇ. ಕಳೆದುಹೋದ 23 ಮಿಲಿಮೀಟರ್ ರಬ್ಬರ್ ಮತ್ತು ಗಾಳಿಯೇ ಗುಂಡಿಯ ಪೆಟ್ಟನ್ನು ನುಂಗುತ್ತಿದ್ದದ್ದು. ಬಾಗಿದ ರಿಮ್, ಪಕ್ಕ ಉಬ್ಬಿದ ಟೈರ್ ಹಿಡಿದು ಬರುವವರಲ್ಲಿ ಹೆಚ್ಚಿನವರ ಕಾರಿನಲ್ಲಿರುವುದು ಇಂಥ ದೊಡ್ಡ ಚಕ್ರ. ಸುರಕ್ಷತೆಯ ಸಲಕರಣೆಗಾಗಿ ಮೇಲಿನ ವೇರಿಯಂಟ್ ಬೇಕೇ ಆದರೆ, ಚಿಕ್ಕ ಚಕ್ರ ಹಾಕಿಕೊಡುತ್ತೀರಾ ಎಂದು ಕೇಳಿ ನೋಡಿ.

ಷೋರೂಮಿನವರು ಓಡಿಸಲು ಕೊಡುವುದು ಸಾಮಾನ್ಯವಾಗಿ ತುದಿಯ ವೇರಿಯಂಟನ್ನು. ನೀವು ಹಣ ಕೊಡಲಿರುವ ಎಂಜಿನ್, ಅದೇ ಗೇರ್‌ಬಾಕ್ಸ್, ಅದೇ ಅಳತೆಯ ಚಕ್ರ ಇರುವ ಕಾರನ್ನೇ ಕೇಳಿ, ಸಿಗದಿದ್ದರೆ ಕಾಯಿರಿ. ಹಿಂದಿನ ಸೀಟಿನಲ್ಲಿ ಕೂರಬೇಕಾದ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರೇ ಹತ್ತಿ ಇಳಿಯಲಿ. ಡಿಕ್ಕಿಯ ತಳದ ಹಲಗೆ ಎತ್ತಿ, ಅಲ್ಲಿ ಪೂರ್ಣ ಅಳತೆಯ ಸ್ಟೆಪ್ನಿ ಇದೆಯೋ, ಸಣಕಲು ಚಕ್ರವೋ, ಬರೀ ಪಂಕ್ಚರ್ ಹಚ್ಚುವ ಡಬ್ಬಿಯೋ ನೋಡಿ. ಸಾಧ್ಯವಾದರೆ ಬೆಳಿಗ್ಗೆಯ ಮೊದಲ ಓಟ ನಿಮ್ಮದಾಗಲಿ, ತಣ್ಣಗಿರುವ ಎಂಜಿನ್ ಏಳುವಾಗಿನ ಕಂಪನ, ಸದ್ದು ಆಗಲೇ ತಿಳಿಯುವುದು. ಕೀಲಿ ಕೈಗೆ ಬಂದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ನಾಳೆ ಬರುತ್ತೇನೆ ಎಂದು ಹೇಳಿ ಹೊರಡಿ.