ಮುಚ್ಚಳಿಕೆ ಬೇರೆ, ಕೋರ್ಟಿನ ಆದೇಶ ಬೇರೆ

“ನನಗ ಡೈವೋರ್ಸ್ ಬ್ಯಾಡ್ರಿ ಮೇಡಂ. ಅವ್ರನ್ನ ಜೇಲಿಗೆ ಹಾಕ್ಸೂದೂ ಬ್ಯಾಡ. ಹೊಡಿಯೂದು ಬಿಟ್ರ ಸಾಕ್ರಿ.”

ಗದಗದಲ್ಲಿ ವಕೀಲಿಕೆ ಮಾಡುವ ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಜನ ಕೇಳುವುದು ಇಷ್ಟನ್ನೇ. ಇಷ್ಟನ್ನೇ ಕೊಡಿಸುವ ಕಾಯ್ದೆಯೊಂದು ಇದೆ ಎಂದು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ. ಊರ ಹಿರಿಯರು ‘ಹೊಂದಿಕೊಂಡು ಹೋಗು’ ಎಂದಿರುತ್ತಾರೆ. ತವರಿನ ಅಣ್ಣತಮ್ಮಂದಿರು ಸಿಟ್ಟಿನಲ್ಲಿ ‘ಕೇಸ್ ಜಡದು ಒಳಗ ಹಾಕ್ಸೋಣು’ ಎಂದಿರುತ್ತಾರೆ. ಇವೆರಡರ ನಡುವೆ ನಿಂತಿರುವುದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನಮ್ಮ ಕೋರ್ಟಿನ ಆವರಣದಲ್ಲಿ ಎಲ್ಲರ ಬಾಯಲ್ಲೂ ಅದು ‘ಡಿವಿ ಕೇಸ್’.

ಹೀಗೆ ಬರುವವರ ಚೀಲದಲ್ಲಿ ಆಧಾರ್, ರೇಷನ್ ಕಾರ್ಡುಗಳ ಜೊತೆ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ಸಾಮಾನ್ಯವಾಗಿ ಇರುತ್ತದೆ. ಠಾಣೆಯಲ್ಲಿ ಗಂಡನಿಂದ ಬರೆಸಿಕೊಂಡ ಮುಚ್ಚಳಿಕೆ. ‘ಇನ್ನು ಮುಂದೆ ನನ್ನ ಹೆಂಡತಿಗೆ ಯಾವುದೇ ತೊಂದರೆ ಕೊಡುವುದಿಲ್ಲ’ ಎಂದು ಎರಡು ಸಾಲು, ಕೆಳಗೆ ಸಹಿ, ಪಕ್ಕದಲ್ಲಿ ಇಬ್ಬರು ಹಿರಿಯರ ಸಾಕ್ಷಿ. ತನಗೆ ಕಾನೂನಿನ ರಕ್ಷಣೆ ಸಿಕ್ಕಿದೆ ಎಂದು ನಂಬಿ ಆಕೆ ಅದನ್ನು ಜೋಪಾನ ಮಾಡಿರುತ್ತಾಳೆ. ಆದರೆ ಈ ಮಾತು ಮುರಿದದ್ದೇ ಒಂದು ಅಪರಾಧ ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಮತ್ತೆ ಹೊಡೆದರೆ ಮತ್ತೆ ಠಾಣೆ, ಮತ್ತೆ ಬುದ್ಧಿಮಾತು, ಮತ್ತೊಂದು ಮುಚ್ಚಳಿಕೆ. ಹಾಗೆಂದು ಅದನ್ನು ಎಸೆಯಬೇಡಿ. ಗಂಡ ತನ್ನ ಕೈಯಾರೆ ಸಹಿ ಮಾಡಿಕೊಟ್ಟ ಆ ಕಾಗದ ಮುಂದೆ ಕೋರ್ಟಿನಲ್ಲಿ ನಿಮ್ಮ ಪರ ಮಾತಾಡುತ್ತದೆ. ದೂರು ಕೊಟ್ಟಾಗ ಠಾಣೆಯವರು ಕೊಡುವ ಹಿಂಬರಹವನ್ನೂ ಅದರ ಜೊತೆಗೇ ಇಡಿ.

ಕೋರ್ಟಿನ ರಕ್ಷಣಾ ಆದೇಶದ ಮಾತೇ ಬೇರೆ. ಕಾಯ್ದೆಯ 18ನೇ ಕಲಮಿನಡಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯ ಅದನ್ನು ಕೊಡುತ್ತದೆ. ಅದನ್ನು ಮುರಿದರೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಜಾಮೀನು ಹಕ್ಕಾಗಿ ಸಿಗುವುದಿಲ್ಲ. ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ ಎಂಬ ಚಿಂತೆಗೂ ಉತ್ತರವಿದೆ: ಆಕೆಯೊಬ್ಬಳ ಸಾಕ್ಷ್ಯದ ಮೇಲೆಯೇ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ಬರಬಹುದು ಎನ್ನುತ್ತದೆ 32ನೇ ಕಲಂ. ‘ಇದು ಗಂಡ ಹೆಂಡಿರ ಜಗಳ, ಕೋರ್ಟಿಗೆ ಹೋಗ್ರಿ’ ಎಂದು ಠಾಣೆಯಲ್ಲಿ ಹೇಳುವುದುಂಟು. ಆದೇಶ ಕೈಗೆ ಬಂದ ಮೇಲೆ ಆ ಮಾತು ನಡೆಯುವುದಿಲ್ಲ. ಕೋರ್ಟಿಗೆ ಹೋಗಿ ಬಂದಾಗಿದೆ. ಇನ್ನು ಕೆಲಸ ಠಾಣೆಯದು.

ಆದರೆ ಆದೇಶದಲ್ಲಿ ಏನು ಬರೆದಿದೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ‘ಪ್ರತಿವಾದಿಯು ಅರ್ಜಿದಾರಳ ಮೇಲೆ ಕೌಟುಂಬಿಕ ಹಿಂಸೆ ಎಸಗತಕ್ಕದ್ದಲ್ಲ’ ಎಂಬ ಒಂದೇ ಸಾಲಿನ ಆದೇಶ ಹಿಡಿದು ರಾತ್ರಿ ಹನ್ನೊಂದಕ್ಕೆ ಠಾಣೆಗೆ ಹೋದರೆ, ಅಲ್ಲಿರುವ ಮುಖ್ಯಪೇದೆಗೆ ಏನು ಮುರಿದಿದೆ ಎಂಬುದು ಸ್ಪಷ್ಟವಾಗುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ಒಬ್ಬಾಕೆಯ ಸಂಗತಿ ಹೇಳುತ್ತೇನೆ, ಗುರುತು ಸಿಗದ ಹಾಗೆ. ಬೇರೆ ಮನೆ ಮಾಡಿಕೊಂಡಿದ್ದಳು, ಗಂಡ ಅಲ್ಲಿಗೆ ಬರುತ್ತಿರಲಿಲ್ಲ. ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದ. ಎರಡು ಸಲ ಆದ ಮೇಲೆ ಅಂಗಡಿಯ ಸಾಹುಕಾರರು ‘ನಾಳಿಂದ ಬರಬ್ಯಾಡವಾ’ ಎಂದುಬಿಟ್ಟರು. ಮೈಮೇಲೆ ಒಂದು ಏಟೂ ಬೀಳದೆ ಆಕೆಯ ಅನ್ನ ಹೋಯಿತು.

ಇಂಥದ್ದಕ್ಕೆಂದೇ 18ನೇ ಕಲಂ ಬಿಡಿಬಿಡಿಯಾಗಿ ಹೇಳಿದೆ. ಆಕೆ ದುಡಿಯುವ ಜಾಗಕ್ಕೆ ಕಾಲಿಡಬಾರದು. ಭೇಟಿ, ಕಾಗದ, ಫೋನ್, ಮೊಬೈಲ್ ಸಂದೇಶ, ಯಾವ ರೀತಿಯಲ್ಲೂ ಸಂಪರ್ಕಿಸಬಾರದು. ಆಕೆಗೆ ಸಹಾಯ ಮಾಡಿದ ತಮ್ಮನಿಗೋ ಪಕ್ಕದ ಮನೆಯವರಿಗೋ ತೊಂದರೆ ಕೊಡಬಾರದು. ಕೋರ್ಟಿನ ಅನುಮತಿ ಇಲ್ಲದೆ ಆಸ್ತಿ ಪರಭಾರೆ ಮಾಡುವಂತಿಲ್ಲ, ಬ್ಯಾಂಕ್ ಲಾಕರ್ ಮುಟ್ಟುವಂತಿಲ್ಲ. ತವರಿನವರು ಹಾಕಿದ ಬಂಗಾರವೂ ಅದರಲ್ಲಿ ಸೇರಿದೆ. ನಿಮಗೆ ಇವುಗಳಲ್ಲಿ ಯಾವುದು ಬೇಕೋ ಅದನ್ನು ಅರ್ಜಿಯಲ್ಲಿ ಹೆಸರು ಹಿಡಿದು ಕೇಳಬೇಕು. ‘ಕೆಲಸದ ಸ್ಥಳ’ ಎಂದಷ್ಟೇ ಬರೆದು ಬಿಡಬೇಡಿ. ಯಾವ ಮಾರುಕಟ್ಟೆ, ಯಾವ ಓಣಿ, ಯಾವ ಅಂಗಡಿ ಎಂದು ಬರೆಸಿ. ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ ಹೆದರಿಸುತ್ತಿದ್ದರೆ ಆ ನಂಬರ್ ಬರೆಸಿ, ಸಂದೇಶ ಅಳಿಸದೆ ಇಟ್ಟುಕೊಳ್ಳಿ. ಗಂಡ ನೇರವಾಗಿ ಮಾತಾಡದೆ ಭಾವನ ಕೈಲಿ ಹೇಳಿಸುತ್ತಿದ್ದರೆ ‘ಬೇರೆಯವರ ಮೂಲಕವೂ ಸಂಪರ್ಕಿಸಬಾರದು’ ಎಂದು ಸೇರಿಸಿ. ನಮ್ಮ ವಕೀಲ ಮಿತ್ರರಿಗೂ ಇದನ್ನೇ ಹೇಳುತ್ತೇನೆ: ಹಳೆಯ ಅರ್ಜಿಯ ಹೆಸರು ವಿಳಾಸ ಬದಲಿಸಿ ಹೊಸ ಅರ್ಜಿ ಹಾಕುವ ರೂಢಿ ಡಿವಿ ಕೇಸಿನಲ್ಲಿ ಹೆಣ್ಣುಮಕ್ಕಳಿಗೆ ಬಹಳ ದುಬಾರಿ ಬೀಳುತ್ತದೆ.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ಅರ್ಜಿ 60 ದಿನದೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ಅರ್ಜಿ ಹಾಕುವ ದಿನವೇ 23ನೇ ಕಲಮಿನಡಿ ಮಧ್ಯಂತರ ಆದೇಶ ಕೇಳಲೇಬೇಕು. ನಡೆದದ್ದನ್ನು ದಿನ, ಜಾಗ ಸಮೇತ ನಮೂನೆ 3ರ ಅಫಿಡವಿಟ್‌ನಲ್ಲಿ ಬರೆದುಕೊಟ್ಟರೆ, ಮೇಲ್ನೋಟಕ್ಕೆ ಹಿಂಸೆ ಕಂಡುಬಂದಲ್ಲಿ ನ್ಯಾಯಾಧೀಶರು ಎದುರು ಪಕ್ಷ ಬರುವ ಮೊದಲೇ ಏಕಪಕ್ಷೀಯ ಆದೇಶ ಕೊಡಬಹುದು. ಮಧ್ಯಂತರ ರಕ್ಷಣಾ ಆದೇಶ ಮುರಿದರೂ ಶಿಕ್ಷೆ ಅದೇ.

ಆದೇಶವಾದ ಮೇಲೆ ಪ್ರತಿ ಉಚಿತವಾಗಿ ನಿಮಗೂ, ಎದುರು ಪಕ್ಷಕ್ಕೂ, ಆ ವ್ಯಾಪ್ತಿಯ ಠಾಣೆಗೂ ಹೋಗಬೇಕು ಎಂದು 24ನೇ ಕಲಂ ಹೇಳುತ್ತದೆ. ಹೋಗಿಯೇ ಹೋಗುತ್ತದೆ ಎಂದು ನಂಬಿ ಕೂಡಬೇಡಿ. ಒಂದು ಪ್ರತಿ ಠಾಣೆಗೆ ನೀವೇ ಒಯ್ದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಗಂಡನಿಗೆ ಆದೇಶ ಮುಟ್ಟಿದ ಬಗ್ಗೆಯೂ ದಾಖಲೆ ಬೇಕು. ‘ನನಗ ಗೊತ್ತ ಇರಲಿಲ್ರಿ’ ಎನ್ನುವುದೇ ಮುಂದೆ ಅವನ ಮೊದಲ ತಕರಾರು. ಬಂಗಾರ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಇದ್ದರೆ ಅಲ್ಲಿಗೂ ಒಂದು ಪ್ರತಿ ಕೊಡಿ.

ಮನೆಯ ವಿಷಯ. ಗಂಡನ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೆ ಸೊಸೆಗೆ ಅಲ್ಲಿ ಇರುವ ಹಕ್ಕಿಲ್ಲ ಎಂದು ಇಂದಿಗೂ ಹೇಳುವವರಿದ್ದಾರೆ. ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿದೆ. ಆಕೆ ಸಂಸಾರ ನಡೆಸಿದ ಮನೆ ಮಾವನ ಹೆಸರಿನಲ್ಲಿದ್ದರೂ ವಾಸದ ಆದೇಶ ಕೇಳಬಹುದು. ಆದರೆ ಒಂದು ಎಚ್ಚರ: ಶಿಕ್ಷೆ ಹೇಳುವ 31ನೇ ಕಲಮಿನಲ್ಲಿರುವುದು ರಕ್ಷಣಾ ಆದೇಶದ ಹೆಸರು ಮಾತ್ರ. ಹಾಗಾಗಿ ‘ಮನೆಯಿಂದ ಹೊರಹಾಕಬಾರದು’ ಎಂಬುದನ್ನು ವಾಸದ ಆದೇಶದ 19ನೇ ಕಲಮಿನ ಜೊತೆ 18ನೇ ಕಲಮಿನಡಿಯೂ ಕೇಳುವುದು ನನ್ನ ಪದ್ಧತಿ. ಅವಶ್ಯವಿದ್ದಾಗ ಠಾಣಾಧಿಕಾರಿ ನೆರವಾಗಬೇಕೆಂಬ ನಿರ್ದೇಶನವನ್ನೂ ಅದೇ ಅರ್ಜಿಯಲ್ಲಿ ಕೇಳುತ್ತೇನೆ.

ಅರ್ಜಿ ಎಲ್ಲಿ ಹಾಕಬೇಕು ಎಂದು ಹೆದರಬೇಕಿಲ್ಲ. ರಾಣೆಬೆನ್ನೂರಿಗೆ ಕೊಟ್ಟ ಮಗಳು ಮುಂಡರಗಿಯ ತವರಿಗೆ ಬಂದಿದ್ದರೆ, ತಾತ್ಕಾಲಿಕವಾಗಿ ಬಂದಿದ್ದರೂ, ಮುಂಡರಗಿಯ ಕೋರ್ಟಿನಲ್ಲೇ ಹಾಕಬಹುದು. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. ಸಹಾಯವಾಣಿ 181, ಜೀವಕ್ಕೆ ಕುತ್ತು ಬಂದ ಹೊತ್ತಿನಲ್ಲಿ 112. ಆಕೆಗೆ ನೆರವಾಗಿ, ನಡೆದ ಹಿಂಸೆಯ ವರದಿಯನ್ನು ಕೋರ್ಟಿಗೆ ಕೊಡುವವರು ಸಂರಕ್ಷಣಾಧಿಕಾರಿ. ನಮ್ಮಲ್ಲಿ ಆ ಹೊಣೆ ಹೊತ್ತವರು ತಾಲ್ಲೂಕಿನ ಸಿಡಿಪಿಒಗಳು (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು). ಅಂಗನವಾಡಿಗಳ ಅಷ್ಟೂ ಭಾರ ಹೊತ್ತವರ ಮೇಲೆ ಇದನ್ನೂ ಹೇರಿದ್ದು ಸರಿಯಲ್ಲ. ಈ ಕೆಲಸಕ್ಕೇ ಮೀಸಲಾದ ಅಧಿಕಾರಿ ತಾಲ್ಲೂಕಿಗೊಬ್ಬರು ಬೇಕೇ ಬೇಕು. ಅವರ ವರದಿ ಬರಲಿ ಎಂದು ಕಾಯುತ್ತಾ ಕೂಡಬೇಕಿಲ್ಲ. ವರದಿ ಇಲ್ಲದೆಯೂ ಅರ್ಜಿ ನಡೆಯುತ್ತದೆ ಎಂದು ಪ್ರಭಾ ತ್ಯಾಗಿ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಈ ಕಾಯ್ದೆ ಹೆಂಡತಿಯರಿಗಷ್ಟೇ ಅಲ್ಲ. ಪಿಂಚಣಿ ಹಣಕ್ಕಾಗಿ ಮಗನಿಂದ ಏಟು ತಿನ್ನುವ ತಾಯಿ, ಅಣ್ಣನ ಮನೆಯಲ್ಲಿರುವ ವಿಧವೆ ತಂಗಿ ಕೂಡ ಇದರಡಿ ಬರಬಹುದು. ಗೃಹಲಕ್ಷ್ಮಿ ಹಣ ಖಾತೆಗೆ ಬಿದ್ದ ದಿನವೇ ಕಸಿದುಕೊಂಡು ಮನೆಖರ್ಚಿಗೂ ಕೊಡದಿರುವುದು ಆರ್ಥಿಕ ಹಿಂಸೆ. ಅದನ್ನೂ ಅರ್ಜಿಯಲ್ಲಿ ಬರೆಯಬೇಕು.

ಕೊನೆಗೆ, ರಾಜಿಯ ಹೊತ್ತು. ಆದೇಶ ಆದ ಮೇಲೆ ಗಂಡ ಮೆತ್ತಗಾಗುತ್ತಾನೆ, ಬೀಗರು ಬರುತ್ತಾರೆ, ‘ಕೇಸ್ ತಗೊಂಡ್ರ ನಾಳೆನ ಕರ್ಕೊಂಡ್ ಹೋಗ್ತೀವಿ’ ಎನ್ನುತ್ತಾರೆ. ಹೋಗುವುದು ಬಿಡುವುದು ಆಕೆಯ ಇಷ್ಟ, ನಾನು ಅಡ್ಡ ಬರುವುದಿಲ್ಲ. ಆದರೆ ಹೋಗಲಿಕ್ಕೆ ಆದೇಶ ರದ್ದಾಗಲೇಬೇಕು ಎಂದೇನಿಲ್ಲ. ಅವನು ಸಂಪರ್ಕಿಸಬಾರದು ಎಂಬ ಸಾಲಿದ್ದರೆ ಅದೊಂದನ್ನು ಮಾರ್ಪಡಿಸಲು ಕೇಳಬಹುದು. ಹೊಡೆಯಬಾರದು ಎಂಬ ಸಾಲು ಇದ್ದುಕೊಂಡೇ ಇಬ್ಬರೂ ಒಂದೇ ಮನೆಯಲ್ಲಿ ಬಾಳಬಹುದು. 25ನೇ ಕಲಮಿನ ಪ್ರಕಾರ ರಕ್ಷಣಾ ಆದೇಶ ಆಕೆ ತಾನಾಗಿ ರದ್ದತಿಗೆ ಅರ್ಜಿ ಹಾಕುವವರೆಗೆ ಜಾರಿಯಲ್ಲಿರುತ್ತದೆ. ಪರಿಸ್ಥಿತಿ ಬದಲಾಗಿದೆ ಎಂದು ಗಂಡನೂ ಕೋರ್ಟಿಗೆ ಬರಬಹುದು, ಆದರೆ ಆಗ ಕಾರಣ ತೋರಿಸಬೇಕಾದವನು ಅವನು.